ಹತ್ತನೇ ಸಂಪುಟ ಮುಗಿಸಿದೆ, ಯಾರಾದರೂ ಮಾತಾಡಿ ಮಾರಾಯ್ರೇ

ಪುಷ್ಯ ಮಳೆ

ತೀರ್ಥಹಳ್ಳಿ ಕಡೆಯಿಂದ ಬರೆಯುತ್ತಿದ್ದೇನೆ. ನಾಲ್ಕು ದಿನದಿಂದ ಮಳೆ ಬಿಟ್ಟಿಲ್ಲ, ಕರೆಂಟು ಬಂದರೆ ಬಂತು ಹೋದರೆ ಹೋಯ್ತು, ಶಾಲೆಗೂ ರಜೆ. ಬೇರೆ ಕೆಲಸ ಇಲ್ಲದೆ ರಾಬರ್ಟ್ ಜಾರ್ಡನ್ ಅವರ 'ದ ವೀಲ್ ಆಫ್ ಟೈಮ್' ಫ್ಯಾಂಟಸಿ ಕಾದಂಬರಿ ಸರಣಿಯ ಹತ್ತನೇ ಸಂಪುಟ 'ಕ್ರಾಸ್‌ರೋಡ್ಸ್ ಆಫ್ ಟ್ವಿಲೈಟ್' ನಿನ್ನೆ ರಾತ್ರಿ ಮುಗಿಸಿದೆ. ಮುಗಿಸಿದೆ ಅನ್ನುವುದಕ್ಕಿಂತ ದಾಟಿದೆ ಅನ್ನಬೇಕು, ಸಂಕದ ಮೇಲೆ ಹೊಳೆ ದಾಟಿದ ಹಾಗೆ.

ಒಂಬತ್ತನೆಯದರ ಕೊನೆ ಓದಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ. ಸೈದಿನ್‌ಗೆ, ಅಂದರೆ ಗಂಡಸರು ಬಳಸುವ ಮಾಯಾಶಕ್ತಿಗೆ, ಹತ್ತಿದ್ದ ಕೊಳೆ, ಮೂರು ಸಾವಿರ ವರ್ಷಕ್ಕೂ ಜಾಸ್ತಿ ಕಾಲದಿಂದ ಗಂಡಸರಿಗೆ ಹುಚ್ಚು ಹಿಡಿಸುತ್ತಿದ್ದ ಆ ವಿಷ, ಅದನ್ನು ಕಥಾನಾಯಕ ರಾಂಡ್ ಮತ್ತು ನೈನೀವ್ ಕೂತು ತೊಳೆದು ಹಾಕುತ್ತಾರಲ್ಲ, ಸುತ್ತ ಕಾಳಗ ನಡೆಯುತ್ತಿರುತ್ತದೆ, ಶಾಡಾರ್ ಲೋಗೋತ್ ಅನ್ನುವ ಊರಿಗೆ ಊರೇ ಇಲ್ಲವಾಗುತ್ತದೆ. ಇದಾದ ಮೇಲೆ ಇನ್ನೇನಪ್ಪಾ ಅಂತ ಹತ್ತನೆಯದನ್ನು ತೆಗೆದೆ. ಏನಾಯ್ತು ಗೊತ್ತಾ? ಕಥೆ ಹಿಂದಕ್ಕೆ ಹೋಯ್ತು. ರಾಂಡ್ ಅಲ್ಲಿ ತೊಳೆಯುತ್ತಿದ್ದ ಹೊತ್ತಿಗೆ ಅವನ ಗೆಳೆಯ ಪೆರಿನ್ ಏನು ಮಾಡುತ್ತಿದ್ದ, ಇನ್ನೊಬ್ಬ ಗೆಳೆಯ ಮ್ಯಾಟ್ ಎಲ್ಲಿದ್ದ, ಎಲೇನ್ ಯಾವ ಬಚ್ಚಲಲ್ಲಿದ್ದಳು, ಎಲ್ಲಾ ಮತ್ತೆ ಮೊದಲಿನಿಂದ. ಶಕ್ತಿ ಬಳಸಬಲ್ಲ ಹೆಂಗಸರಿಗೆಲ್ಲ ದೂರದಲ್ಲಿ ಏನೋ ದೊಡ್ಡದು ನಡೆಯುತ್ತಿದೆ ಅಂತ ಗೊತ್ತಾಗುತ್ತದೆ. ಆ ಕಡೆ ತಿರುಗಿ ನೋಡುತ್ತಾರೆ. ಆಮೇಲೆ ಚಹಾ ಕುಡಿಯುತ್ತಾರೆ.

ನಾನೇ ಓದಲು ಬಾರದವಳೋ ಅಥವಾ ಇದು ನಿಜವಾಗಿಯೂ ಹೀಗೇ ಇದೆಯೋ? ಓದಿದವರು ಹೇಳಿ. ಹನ್ನೊಂದನೆಯದು ನನ್ನ ಹತ್ತಿರ ಇನ್ನೂ ಇಲ್ಲ, ದಯವಿಟ್ಟು ಗುಟ್ಟು ಬಿಡಬೇಡಿ.

ಭದ್ರಾವತಿ ಬಾಯ್ಲರ್

ಅಕ್ಕಾ, ನಾನು ಎಂಟರಲ್ಲೇ ಇಳಿದುಬಿಟ್ಟೆ. ಏಳರ ಕೊನೆಯಲ್ಲಿ ಮ್ಯಾಟ್ ಮೇಲೆ ಗೋಡೆ ಬೀಳುತ್ತದೆ. ಎಂಟರಲ್ಲಿ ಮ್ಯಾಟ್ ಬದುಕಿದ್ದಾನೋ ಇಲ್ಲವೋ ನೋಡೋಣ ಅಂತ ತೆಗೆದರೆ ಇಡೀ ಪುಸ್ತಕದಲ್ಲಿ ಆಸಾಮಿ ಇಲ್ಲ. ಒಂದು ಸಾಲೂ ಇಲ್ಲ! ಗೋಡೆ ಬಿದ್ದವನನ್ನು ಅಲ್ಲೇ ಬಿಟ್ಟು ಹೋಗುವ ಕಥೆಗಾರನ ಜೊತೆ ನನಗೆ ಬೇರೆ ವ್ಯವಹಾರ ಬೇಡ ಅನ್ನಿಸಿತು. ಒಟ್ಟು ಹದಿನಾಲ್ಕು ಸಂಪುಟ ಅಂತೆ. ಹದಿನಾಲ್ಕು! ಅಷ್ಟರಲ್ಲಿ ಒಂದು ಅಡಿಕೆ ತೋಟ ಎಬ್ಬಿಸಬಹುದು.

ದುರ್ಗಿಗುಡಿ ಓದುಗ

ಬಾಯ್ಲರ್ ತಮ್ಮಾ, ತೋಟ ಎಬ್ಬಿಸಿದವರಿಗೇ ಗೊತ್ತು, ಆರೇಳು ವರ್ಷ ಸುಮ್ನೆ ನೀರು ಹಾಕುತ್ತಾ ಕೂರಬೇಕು. ಅದೇ ಹತ್ತನೇ ಸಂಪುಟ.

ಮೇಡಂ, ನೀವು ಸರಿಯಾಗಿಯೇ ಓದಿದ್ದೀರಿ. ಆದರೆ ನೀವು ಓದಿದ ಪುಸ್ತಕ ಬೇರೆ, ನಾನು ಓದಿದ್ದು ಬೇರೆ. ಅದನ್ನು ಸ್ವಲ್ಪ ಹೇಳುತ್ತೇನೆ, ಉದ್ದವಾದರೆ ಕ್ಷಮಿಸಿ, ವಯಸ್ಸಾಗಿದೆ.

ಮೊದಲನೇ ಸಂಪುಟ ಬಂದದ್ದು 1990ರ ಜನವರಿಯಲ್ಲಿ. ಎರಡನೆಯದು ಅದೇ ವರ್ಷ ನವೆಂಬರಿನಲ್ಲಿ. ಆಮೇಲೆ 1991, 1992, 1993, 1994, ಹೀಗೆ ವರ್ಷಕ್ಕೊಂದು. ದೀಪಾವಳಿ ವಿಶೇಷಾಂಕ ಬಂದ ಹಾಗೆ ಬರುತ್ತಿತ್ತು. ಏಳನೆಯದು 1996ಕ್ಕೆ ಹೋಯ್ತು, ಎಂಟು 1998ಕ್ಕೆ, ಒಂಬತ್ತು 2000ದ ನವೆಂಬರಿಗೆ. ನಾನು ಈ ಸರಣಿ ಹಿಡಿದದ್ದು ಏಳರ ಹೊತ್ತಿಗೆ, ಬೆಂಗಳೂರಿಗೆ ಆಫೀಸಿನ ಕೆಲಸಕ್ಕೆ ಹೋದಾಗ ಒಂದೊಂದೇ ಕೊಂಡು ತರುತ್ತಿದ್ದೆ. ಶಿವಮೊಗ್ಗದಲ್ಲಿ ಆಗ ಇಂಥ ಪುಸ್ತಕ ಕೇಳಿದರೆ ಅಂಗಡಿಯವರು ನನ್ನ ಮುಖ ನೋಡುತ್ತಿದ್ದರು.

ಒಂಬತ್ತರ ಕೊನೆ ಓದಿ ನಿಮಗೆ ಒಂದು ರಾತ್ರಿ ನಿದ್ದೆ ಬರಲಿಲ್ಲ. ನಾನು ಎರಡು ವರ್ಷದ ಮೇಲೆ ಕಾದೆ. ಹತ್ತು ಬಂದದ್ದು 2003ರ ಜನವರಿ. ಅಷ್ಟು ದಿನ ತಲೆಯಲ್ಲಿ ಕಥೆ ಬೆಳೆದು ಬೆಳೆದು ಎಲ್ಲಿಗೋ ಹೋಗಿತ್ತು. ಪುಸ್ತಕ ತೆಗೆದರೆ ನೀವು ಹೇಳಿದ ಹಾಗೆ, ಕಥೆ ಹಿಂದಕ್ಕೆ. ಬೇಜಾರಲ್ಲ ಮೇಡಂ, ಅವಮಾನ ಆದ ಹಾಗಿತ್ತು. ಊಟಕ್ಕೆ ಕರೆದು ಎಲೆ ಹಾಕಿ, ಉಪ್ಪು ಉಪ್ಪಿನಕಾಯಿ ಬಡಿಸಿ, ಅಡುಗೆ ಇನ್ನೂ ಒಲೆ ಮೇಲಿದೆ ಅಂದ ಹಾಗೆ. ನೀವಾದರೂ ಮುಂದಿನ ವಾರ ಹನ್ನೊಂದು ಓದುತ್ತೀರಿ. ನನಗೆ ಅದು ಸಿಕ್ಕಿದ್ದು 2005ರ ಅಕ್ಟೋಬರ್ ಆದ ಮೇಲೆ. ನಡುವೆ 2004ರಲ್ಲಿ ಒಂದು ಪುಸ್ತಕ ಬಂತು, ಕುಣಿದು ತರಿಸಿದೆ. ನೋಡಿದರೆ ಅದು ಮೊದಲನೇ ಸಂಪುಟಕ್ಕೂ ಇಪ್ಪತ್ತು ವರ್ಷ ಹಿಂದಿನ ಕಥೆ! ಮತ್ತೆ ಹಿಂದಕ್ಕೆ. ಆ ದಿನ ಮನೆಯಲ್ಲಿ ಯಾರ ಜೊತೆಯೂ ಮಾತಾಡಲಿಲ್ಲ.

ಎರಡನೇ ಡಿವಿಷನ್

ಅಂಕಲ್, ನಿಮ್ಮ ಕಾಯುವಿಕೆ ನಿಮ್ಮದು. ಅದನ್ನು ಪುಸ್ತಕದ ತಪ್ಪು ಅನ್ನೋದು ಸರಿಯಾ? ನಾನು ಶಂಕರಘಟ್ಟದ ಹಾಸ್ಟೆಲಲ್ಲಿ ಒಂದರಿಂದ ಹದಿನಾಲ್ಕನ್ನೂ ಒಂದೇ ಬೀಸಿಗೆ ಓದಿದೆ, ಐದು ತಿಂಗಳು ಹಿಡಿಯಿತು. ಹತ್ತು ನನಗೆ ಅಷ್ಟು ಕೆಟ್ಟದ್ದು ಅನ್ನಿಸಲೇ ಇಲ್ಲ. ನಿಧಾನ ಹೌದು. ಆದರೆ ಪ್ರಪಂಚ ಅಷ್ಟು ದೊಡ್ಡದಾದ ಮೇಲೆ ಒಂದು ದೊಡ್ಡ ಘಟನೆ ನಡೆದರೆ ಅದು ಎಲ್ಲರಿಗೂ ಹೇಗೆ ಮುಟ್ಟಿತು ಅಂತ ತೋರಿಸಲೇಬೇಕಲ್ವಾ?

ರಾಂಡ್ ಇಲ್ಲ ರಾಂಡ್ ಇಲ್ಲ ಅಂತ ಎಲ್ಲರೂ ಅಳುತ್ತಾರೆ. ಮೂರನೇ ಸಂಪುಟದಲ್ಲಿ ಎಷ್ಟಿದ್ದಾನೆ ಲೆಕ್ಕ ಹಾಕಿ. ಅಲ್ಲೂ ಮಿಂಚಿ ಮರೆಯಾಗುತ್ತಾನೆ. ಅದನ್ನು ಎಲ್ಲರೂ ತಲೆ ಮೇಲೆ ಹೊತ್ತು ಮೆರೆಸುತ್ತೀರಿ. ಐದರಲ್ಲಿ ಪೆರಿನ್ ಪತ್ತೆಯೇ ಇಲ್ಲ, ಯಾರೂ ಕೇಳಲಿಲ್ಲ.

ಪುಷ್ಯ ಮಳೆ

ಮೂರರ ಮಾತು ಒಳ್ಳೇ ಮಾತು. ನಾನು ಯೋಚನೆ ಮಾಡಿರಲಿಲ್ಲ. ಆದರೆ ನೋಡಿ, ಮೂರರಲ್ಲಿ ರಾಂಡ್ ಕಾಣದಿದ್ದರೂ ಉಳಿದವರೆಲ್ಲ ಅವನ ಕಡೆಗೇ ಓಡುತ್ತಿರುತ್ತಾರೆ. ಎಲ್ಲ ದಾರಿಯೂ ಟೀರ್ ಊರಿಗೆ. ಕಾಣದೇ ಇದ್ದರೂ ಅವನೇ ಎಳೆಯುತ್ತಿರುತ್ತಾನೆ. ಹತ್ತರಲ್ಲಿ ಯಾರೂ ಎಲ್ಲಿಗೂ ಓಡುತ್ತಿಲ್ಲ. ನಿಂತಿದ್ದಾರೆ.

ಮೆಟ್ಟುಗತ್ತಿ

ಸಂಜೆ ಆರು ಗಂಟೆಗೆ ಗೋಪಿ ಸರ್ಕಲ್ಲಿನಲ್ಲಿ ನಿಂತ ಹಾಗೆ. ಹೆಸರಲ್ಲೇ ಹೇಳಿಬಿಟ್ಟಿದ್ದಾನಲ್ಲ ಮಹಾರಾಯ, ಮುಸ್ಸಂಜೆಯ ಕೂಡುರಸ್ತೆ ಅಂತ. ನಾಲ್ಕು ಕಡೆಯಿಂದ ಬಂದರು, ಸಿಕ್ಕಿಕೊಂಡರು, ಹಾರ್ನ್ ಹೊಡೆಯುತ್ತಿದ್ದಾರೆ.

ನಾನು ಸಾಗರದ ಹತ್ತಿರ. ಹೋದ ಅಡಿಕೆ ಸುಲಿಗೆಯಲ್ಲಿ ಇದನ್ನು ಕೇಳಿದ್ದು, ಓದಿದ್ದಲ್ಲ. ಅಡಿಕೆ ಸುಲಿಯುವಾಗ ಕೈಗೆ ಕೆಲಸ, ಕಿವಿ ಖಾಲಿ. ಮೈಕೆಲ್ ಕ್ರೇಮರ್ ಮತ್ತು ಕೇಟ್ ರೀಡಿಂಗ್ ಅಂತ ಇಬ್ಬರು ಓದುತ್ತಾರೆ. ಗಂಡಸರ ಕಣ್ಣಲ್ಲಿ ನಡೆಯುವ ಅಧ್ಯಾಯಕ್ಕೆ ಅವರು, ಹೆಂಗಸರದ್ದಕ್ಕೆ ಇವರು. ಒಟ್ಟು 24 ಗಂಟೆಗಿಂತ ಜಾಸ್ತಿ ಇದೆ. ನಿಜ ಹೇಳಬೇಕೆಂದರೆ ಸುಲಿಯುವಾಗ ಹತ್ತನೇ ಸಂಪುಟದಷ್ಟು ಒಳ್ಳೇದು ಬೇರೆ ಇಲ್ಲ. ನಡುವೆ ಎದ್ದು ಹೋಗಿ ಚಪ್ಪರದ ಮೇಲಿನ ಅಡಿಕೆ ಕೈಯಾಡಿಸಿ, ಎರಡು ಫೋನ್ ಮಾತಾಡಿ ಬಂದರೂ ಎಲೇನ್ ಇನ್ನೂ ನೀರಲ್ಲೇ ಇರುತ್ತಾಳೆ.

ಆ ಸ್ನಾನದ ಬಗ್ಗೆ ಎಲ್ಲರೂ ಬೈಯುತ್ತಾರೆ. ನಾನು ಬೈಯಲ್ಲ. ಪುಷ್ಯ ಮಳೆಯಲ್ಲಿ ತೋಟದಿಂದ ಬಂದು ಬಚ್ಚಲೊಲೆ ಮುಂದೆ ಕೂತು ಹಂಡೆ ನೀರು ಹೊಯ್ದುಕೊಂಡವರಿಗೆ ಗೊತ್ತು, ಅದು ಒಂದು ಅಧ್ಯಾಯಕ್ಕೆ ಮುಗಿಯುವ ಸಂಗತಿ ಅಲ್ಲ.

ಚಂಡೆ ಪೆಟ್ಟು

ಹೊಸನಗರದಿಂದ. ಎಲ್ಲರೂ ನಿಧಾನ ನಿಧಾನ ಅನ್ನುತ್ತೀರಲ್ಲ, ಮಳೆಗಾಲದಲ್ಲಿ ತಾಳಮದ್ದಳೆ ಕೇಳಿದವರು ಯಾರೂ ಇಲ್ಲವಾ ಇಲ್ಲಿ? ಕೃಷ್ಣಸಂಧಾನ ಪ್ರಸಂಗ ಇಟ್ಟುಕೊಳ್ಳಿ. ಕೃಷ್ಣ ಬರುತ್ತಾನೆ, ಕೇಳುತ್ತಾನೆ, ಕೌರವ ಕೊಡುವುದಿಲ್ಲ ಅನ್ನುತ್ತಾನೆ. ಕೂತಿದ್ದ ಮಗುವಿಗೂ ಗೊತ್ತು. ಆದರೂ ಒಳ್ಳೇ ಅರ್ಥಧಾರಿಗಳು ಇಬ್ಬರು ಕೂತರೆ ಎರಡು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ಕಥೆ ಒಂದು ಹೆಜ್ಜೆ ಮುಂದೆ ಹೋಗಿರುವುದಿಲ್ಲ. ಯಾರಾದರೂ ಎದ್ದು ನಿಂತು 'ಕಥೆ ಮುಂದುವರಿಸಿ ಸ್ವಾಮಿ' ಅಂದಿದ್ದಾರಾ? ನಮ್ಮ ಕಿವಿ ನಿಧಾನಕ್ಕೆ ಪಳಗಿದ ಕಿವಿ. ಹಾಗಿದ್ದೂ ನಾವೇ ಹೀಗೆ ಗೊಣಗಿದರೆ ಹೇಗೆ.

ದುರ್ಗಿಗುಡಿ ಓದುಗ

ಚಂಡೆಯವರೇ, ತಾಳಮದ್ದಳೆಯಲ್ಲಿ ಆ ಎರಡು ಗಂಟೆ ಜಗಳ ನಡೆಯುತ್ತದೆ. ಒಬ್ಬರ ಮಾತಿಗೆ ಇನ್ನೊಬ್ಬರು ಸಿಕ್ಕಿಬೀಳುತ್ತಾರೆ, ಬಿಡಿಸಿಕೊಳ್ಳುತ್ತಾರೆ. ಮಾತೇ ಅಲ್ಲಿ ಕಾಳಗ. ಹತ್ತರಲ್ಲಿ ಎಲೇನ್ ಸಿಂಹಾಸನಕ್ಕೆ ಯಾವ ಮನೆತನ ಬೆಂಬಲ ಕೊಡುತ್ತದೆ ಅಂತ ಲೆಕ್ಕ ಹಾಕುತ್ತಾಳೆ. ಪಟ್ಟಿ ಓದಿದ ಹಾಗಿದೆ, ಸೊಸೈಟಿ ಚುನಾವಣೆಯ ಮತದಾರರ ಪಟ್ಟಿ. ಯಾರೂ ಎದುರು ಮಾತಾಡುವುದಿಲ್ಲ. ಎದುರಾಳಿ ಇಲ್ಲದ ಅರ್ಥಗಾರಿಕೆ ಎಲ್ಲಿಯವರೆಗೆ ಕೇಳುವುದು?

ಹೊಸಹಳ್ಳಿ ಹಾದಿ

ನಾನು ಸುಮ್ನೆ ಓದಿಕೊಂಡು ಹೋಗುವವಳು, ಬರೆಯುವುದು ಕಡಿಮೆ. ಆದರೆ ಇಲ್ಲಿ ಒಂದು ಮಾತು ಹೇಳಬೇಕು ಅನ್ನಿಸಿತು.

ನಮ್ಮ ಕಡೆ ಗಮಕ ಕೇಳಿ ಬೆಳೆದವರು ನಾವು. ಕುಮಾರವ್ಯಾಸ ಎಷ್ಟು ಸಲ 'ಇತ್ತ' ಅನ್ನುತ್ತಾನೆ ಅಂತ ಗಮನಿಸಿದ್ದೀರಾ? ಅತ್ತ ಹೀಗಾಯ್ತು, ಇತ್ತ ಹಸ್ತಿನಾಪುರದಲ್ಲಿ ಹೀಗಾಯ್ತು. ಒಂದೇ ಹೊತ್ತಲ್ಲಿ ಎರಡು ಕಡೆ ನಡೆಯುವುದನ್ನು ಹೇಳುವ ಕಷ್ಟ ಎಲ್ಲ ದೊಡ್ಡ ಕಥೆಗೂ ಇದೆ. ಅದಕ್ಕೆ ಅವನ ಉಪಾಯ ಈ ಒಂದು ಮಾತು. 'ಇತ್ತ' ಅಂದ, ತಿರುಗಿದ, ಎರಡು ಪದ್ಯದಲ್ಲಿ ಇವರ ಕಥೆಯನ್ನು ಅವರ ಕಥೆಯ ಸಮಕ್ಕೆ ತಂದು ನಿಲ್ಲಿಸಿದ, ಮುಂದೆ ಹೊರಟ.

ಹತ್ತನೇ ಸಂಪುಟ ಬರೀ 'ಇತ್ತ'. ಇತ್ತ ಪೆರಿನ್, ಇತ್ತ ಮ್ಯಾಟ್, ಇತ್ತ ಎಗ್ವೀನ್, ಇತ್ತ ಎಲೇನ್, ಒಬ್ಬೊಬ್ಬರನ್ನೂ ಆ ಒಂದೇ ದಿನದ ತನಕ ಎಳೆದು ತರುವುದು. ಸುಮಾರು ಪುಸ್ತಕ ಇದಕ್ಕೇ ಹೋಯ್ತು. 'ಅತ್ತ' ವಾಪಸ್ ಹೋಗುವುದೇ ಇಲ್ಲ. ನನ್ನ ಲೆಕ್ಕದಲ್ಲಿ ತಪ್ಪು ನಿಧಾನದ್ದಲ್ಲ. ಓದುವವರಿಗೆ ಮೊದಲೇ ಗೊತ್ತಿರುವುದನ್ನು ಪಾತ್ರಗಳು 'ಅದೇನಿರಬಹುದು' ಅಂತ ಪುಟಗಟ್ಟಲೆ ಯೋಚಿಸುವುದಿದೆಯಲ್ಲ, ಅಲ್ಲಿ ತಪ್ಪಿರುವುದು. ಅವರಿಗೆ ಗುಟ್ಟು, ನಮಗಲ್ಲ. ನಾವು ಕಿಟಕಿಯ ಆಚೆ ನಿಂತು 'ಅದು ರಾಂಡ್ ಕಣ್ರೇ' ಅಂತ ಕೂಗಬೇಕು ಅನ್ನಿಸುತ್ತದೆ. ಜಾರ್ಡನ್ ಅವರೇ ಆಮೇಲೆ ಒಪ್ಪಿಕೊಂಡಿದ್ದಾರೆ, ಈ ಉಪಾಯ ತಾವು ಅಂದುಕೊಂಡ ಹಾಗೆ ಕೆಲಸ ಮಾಡಲಿಲ್ಲ ಅಂತ.

ಎರಡನೇ ಡಿವಿಷನ್

ಇದು ನನಗೆ ಒಪ್ಪಿಗೆ ಆಯ್ತು ಅಕ್ಕಾ. ನಾನು ಸೋತೆ ಅಂತಲ್ಲ. ಅರ್ಧ ಸೋತೆ.

ಆದರೂ ಪೆರಿನ್ ಭಾಗವನ್ನು ಬಿಟ್ಟುಕೊಡುವುದಿಲ್ಲ.

ಭದ್ರಾವತಿ ಬಾಯ್ಲರ್

ಪೆರಿನ್? ಹೆಂಡತಿ ಹೆಂಡತಿ ಅಂತ ಮೂರು ಸಂಪುಟ ಅತ್ತವನಾ? ನಾನು ಓದದಿದ್ದರೂ ಗೆಳೆಯ ಎಲ್ಲಾ ಹೇಳಿದ್ದಾನೆ. ಎಂಟರ ಕೊನೆಯಲ್ಲಿ ಶೈಡೋ ಅನ್ನುವ ಬುಡಕಟ್ಟಿನವರು ಫಾಯೀಲಳನ್ನು ಹೊತ್ತುಕೊಂಡು ಹೋಗುತ್ತಾರೆ, ಹನ್ನೊಂದರಲ್ಲಿ ಬಿಡಿಸಿಕೊಂಡು ಬರುತ್ತಾನೆ. ರಾಮನೂ ಇಷ್ಟು ಪುಟ ತೆಗೆದುಕೊಳ್ಳಲಿಲ್ಲ.

ಪುಷ್ಯ ಮಳೆ

ಅಯ್ಯೋ!! ಹನ್ನೊಂದರ ಗುಟ್ಟು ಬಿಡಬೇಡಿ ಅಂತ ಮೊದಲೇ ಬೇಡಿಕೊಂಡಿದ್ದೆನಲ್ಲಾ! ಓದದೇ ಇರುವವರು ಬಂದು ಓದುವವರ ಅನ್ನಕ್ಕೆ ಕಲ್ಲು ಹಾಕುವುದು ಅಂದರೆ ಇದೇ.

ಕಟ್ಟೆ ಕಾಯುವವನು

ಬಾಯ್ಲರ್, ಇದು ಮೂರನೇ ಸಲ. ಕಟ್ಟೆಗೆ ಒಂದೇ ನಿಯಮ ಇರುವುದು, ಕೇಳಿದವರು ಎಲ್ಲಿಯವರೆಗೆ ಓದಿದ್ದಾರೋ ಅಲ್ಲಿಯವರೆಗೆ ಮಾತ್ರ ಮಾತು. ಅಳಿಸುವ ಹೊತ್ತಿಗೆ ಅವರು ಓದಿಯಾಗಿತ್ತು, ಇನ್ನು ಅಳಿಸಿ ಏನು ಉಪಯೋಗ. ನಾಳೆ ರಾತ್ರಿಯವರೆಗೆ ನೀವು ಓದಬಹುದು, ಬರೆಯುವಂತಿಲ್ಲ.

ಮೆಟ್ಟುಗತ್ತಿ

ಪಾಪ ಬಾಯ್ಲರ್. ಗೋಡೆ ಬಿತ್ತು ಮೈಮೇಲೆ.

ಪುಷ್ಯ ಮಳೆಯವರೇ ಬೇಜಾರು ಮಾಡಿಕೊಳ್ಳಬೇಡಿ. ಬಿಡಿಸಿಕೊಂಡು ಬರುತ್ತಾನೆ ಅನ್ನುವುದು ಯಾರಿಗೂ ಗುಟ್ಟಲ್ಲ. ಹೇಗೆ, ಯಾರ ಜೊತೆ ಸೇರಿ ಅನ್ನುವುದೇ ಗುಟ್ಟು. ಅದು ಇನ್ನೂ ಉಳಿದಿದೆ.

ಎರಡನೇ ಡಿವಿಷನ್

ಪೆರಿನ್ ಬಗ್ಗೆ ಹೇಳುತ್ತಿದ್ದೆ. ಇದು ಹತ್ತರ ಒಳಗಿನದೇ, ಗುಟ್ಟಲ್ಲ. ಸೋ ಹಾಬರ್ ಅಂತ ಒಂದು ಊರಿಗೆ ಧಾನ್ಯ ಕೊಳ್ಳಲು ಹೋಗುತ್ತಾರಲ್ಲ, ನೆನಪಿದೆಯಾ? ಜನ ಸ್ನಾನ ಮಾಡಿಲ್ಲ, ಬಟ್ಟೆ ಕೊಳಕು, ಯಾರೂ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವುದಿಲ್ಲ. ಉಗ್ರಾಣದ ಧಾನ್ಯವೆಲ್ಲ ಹುಳ ಹಿಡಿದಿದೆ. ಸತ್ತವರು ಬೀದಿಯಲ್ಲಿ ತಿರುಗುತ್ತಾರೆ, ಅದಕ್ಕೆ ಊರೇ ಹೆದರಿ ಹಾಗಾಗಿದೆ. ಇವರು ಧಾನ್ಯ ತಂದು ಗಾಳಿಗೆ ತೂರಿ ಹುಳ ತೆಗೆಯುತ್ತಾ ಕೂರುತ್ತಾರೆ. ಕಾಳಗ ಇಲ್ಲ, ಮಾಯೆ ಮಂತ್ರ ಇಲ್ಲ. ನಮ್ಮಮ್ಮ ಮೊರದಲ್ಲಿ ಅಕ್ಕಿ ಕೇರುವಾಗ ಒಂದು ಹುಳ ಕಂಡರೆ ಮುಖ ಹೇಗಾಗುತ್ತದೆ ಅಂತ ನನಗೆ ಗೊತ್ತು. ಒಂದು ಇಡೀ ಸೈನ್ಯದ ಊಟ ಹಾಗಿದ್ದರೆ? ಪ್ರಪಂಚ ಕೆಡುತ್ತಿದೆ ಅಂತ ಬೇರೆ ಸಂಪುಟಗಳಲ್ಲಿ ಯಾರೋ ಹೇಳುತ್ತಾರೆ. ಇಲ್ಲಿ ಕೆಟ್ಟದ್ದು ಮೂಗಿಗೆ ಬಡಿಯುತ್ತದೆ.

ಆಮೇಲೆ ಆ ಕೊಡಲಿ. ಸೆರೆ ಸಿಕ್ಕ ಶೈಡೋ ಬಾಯಿಬಿಡಲಿ ಅಂತ ಪೆರಿನ್ ಅವನ ಕೈ ಕಡಿಯುತ್ತಾನೆ. ಆಮೇಲೆ ಆ ಕೊಡಲಿಯನ್ನೇ ಬಿಟ್ಟು ಹೋಗುತ್ತಾನೆ. ಕೊಡಲಿಯೋ ಸುತ್ತಿಗೆಯೋ ಅಂತ ಎಷ್ಟೋ ಸಂಪುಟದಿಂದ ಒಳಗೇ ಜಗ್ಗಾಡುತ್ತಿದ್ದವನು ಒಂದೇ ಪುಟದಲ್ಲಿ ಅದನ್ನು ಮುಗಿಸುತ್ತಾನೆ. ನಾನು ಆ ಪುಟ ಮೂರು ಸಲ ಓದಿದೆ.

ಪುಷ್ಯ ಮಳೆ

ಹೌದು. ಅದು ಇದೆ. ಅದನ್ನು ಮರೆತು ಬರೆದೆ ನೋಡಿ, ಸಿಟ್ಟಲ್ಲಿದ್ದೆ. ಕೊನೆಯಲ್ಲಿ ಎಗ್ವೀನ್ ದೋಣಿಯಲ್ಲಿ ತಾರ್ ವಾಲೋನ್ ಅನ್ನುವ ಊರಿನ ಬಂದರಿಗೆ ಹೋಗಿ ಆ ಕಬ್ಬಿಣದ ಸರಪಳಿಯನ್ನು ಮುರಿಯಲಾಗದ ವಸ್ತುವಾಗಿ ಮಾಡುವುದು, ಇನ್ನೊಬ್ಬ ಹುಡುಗಿಯನ್ನು ಕಳಿಸುವ ಬದಲು ತಾನೇ ಹೋಗುವುದು, ಹೋಗಿ ಸಿಕ್ಕಿಬೀಳುವುದು. ಅಲ್ಲಿ ನನ್ನ ಎದೆ ಡಬಡಬ ಅಂತಿತ್ತು. ಅಷ್ಟರಲ್ಲಿ ಪುಸ್ತಕ ಮುಗಿಯಿತು.

ಅಂದರೆ ಒಳ್ಳೇದೆಲ್ಲ ಕೊನೆಯ ಕಾಲು ಭಾಗದಲ್ಲಿ. ಮುಂಚಿನದೆಲ್ಲ ಮುಗಿಸಿದವರಿಗೆ ಮಾತ್ರ. ನಮ್ಮ ಅತ್ತೆ ಮಕ್ಕಳಿಗೆ ಪಾಯಸ ಕೊಡುತ್ತಿದ್ದದ್ದು ಹೀಗೇ, ಹಾಗಲಕಾಯಿ ಗೊಜ್ಜು ಖಾಲಿ ಆದ ಮೇಲೆ.

ದುರ್ಗಿಗುಡಿ ಸರ್, ಒಂದು ಕೇಳಬೇಕಿತ್ತು. 2003ರಲ್ಲಿ ಎಗ್ವೀನ್ ಸಿಕ್ಕಿಬಿದ್ದ ಮೇಲೆ ನೀವು 2005ರವರೆಗೆ ಹಾಗೇ ಇದ್ದಿರಾ? ಅವಳು ದೋಣಿಯಲ್ಲೇ ಇದ್ದಳಾ ನಿಮ್ಮ ತಲೆಯಲ್ಲಿ?

ದುರ್ಗಿಗುಡಿ ಓದುಗ

ಇದ್ದಳು ಮೇಡಂ. ಎರಡೂ ಮುಕ್ಕಾಲು ವರ್ಷ.

ಶರಾವತಿ ಹಿನ್ನೀರಲ್ಲಿ ಲಾಂಚಿಗೆ ಕಾದವರಿಗೆ ಇದು ಹೇಳಬೇಕಾಗಿಲ್ಲ. ಅಂಬಾರಗೋಡ್ಲಿನಲ್ಲಿ ನಿಂತರೆ ಆಚೆ ದಡ ಕಾಣುತ್ತದೆ, ಹೋಗಲು ಆಗುವುದಿಲ್ಲ. ಲಾಂಚು ಆಚೆ ಇದ್ದರೆ ಮುಗಿಯಿತು. ಈಗ 2025ರ ಜುಲೈಯಲ್ಲಿ ಸೇತುವೆ ಆಯ್ತು, ಕಾರಲ್ಲಿ ಕೂತವರು ನೀರು ನೋಡುವಷ್ಟರಲ್ಲಿ ಕಳಸವಳ್ಳಿ ಬಂತು. ಒಳ್ಳೇದೇ ಆಯ್ತು, ಆಸ್ಪತ್ರೆಗೆ ಹೋಗುವವರು ಎಷ್ಟು ಕಷ್ಟಪಟ್ಟಿದ್ದಾರೆ. ನೀವು ಸೇತುವೆ ಮೇಲೆ ಓದುತ್ತಿದ್ದೀರಿ. ನಾನು ಲಾಂಚಲ್ಲಿ ಓದಿದವನು. ನನ್ನ ಸಿಟ್ಟಿನಲ್ಲಿ ಪುಸ್ತಕದ ಪಾಲು ಎಷ್ಟು, ಕಾದದ್ದರ ಪಾಲು ಎಷ್ಟು ಅಂತ ನನಗೂ ಬಿಡಿಸಲು ಬರುವುದಿಲ್ಲ. ಎರಡನೇ ಡಿವಿಷನ್ ಹುಡುಗ ಹೇಳಿದ್ದರಲ್ಲಿ ಹುರುಳಿದೆ.

ಇನ್ನೊಂದು. 2006ರಲ್ಲಿ ಜಾರ್ಡನ್ ಅವರಿಗೆ ಕಾಯಿಲೆ ಅಂತ ಗೊತ್ತಾಯ್ತು, ಹೃದಯಕ್ಕೆ ಸಂಬಂಧಿಸಿದ ಅಪರೂಪದ ರೋಗ. ಅವರೇ ಓದುಗರಿಗೆ ಬರೆದು ತಿಳಿಸಿದರು. 2007ರ ಸೆಪ್ಟೆಂಬರ್ 16ಕ್ಕೆ ಹೋಗಿಬಿಟ್ಟರು, 58 ವರ್ಷ ಅಷ್ಟೇ. ನಾನು ಒಂದು ಸೈಬರ್ ಸೆಂಟರಿನಲ್ಲಿ ಬೇರೇನೋ ನೋಡಲು ಹೋಗಿ ಇದನ್ನು ಓದಿದೆ. ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟಿದ್ದೆ, ಹತ್ತು ನಿಮಿಷಕ್ಕೆ ಎದ್ದು ಬಂದೆ. ಆ ಹತ್ತನೇ ಸಂಪುಟದ ಮೇಲೆ ನಾನು ಹೋದ ಬಂದ ಕಡೆಯೆಲ್ಲ ಎಷ್ಟು ಬೈದಿದ್ದೆ ಅಂತ ಆ ದಿನ ನೆನಪಾಯ್ತು. ಈಗಲೂ ಅದು ಕೆಟ್ಟ ಸಂಪುಟ ಅಂತಲೇ ಹೇಳುತ್ತೇನೆ. ಸ್ವಲ್ಪ ಮೆಲ್ಲಗೆ ಹೇಳುತ್ತೇನೆ.

ಚಂಡೆ ಪೆಟ್ಟು

ಕೊನೆಯ ಮೂರನ್ನು ಬೇರೆಯವರು ಬರೆದದ್ದಲ್ವಾ? ನಾನು ಅದಕ್ಕೇ ಹನ್ನೊಂದಕ್ಕೆ ನಿಲ್ಲಿಸಿದೆ. ಭಾಗವತರು ಬದಲಾದ ಮೇಲೆ ಪದ ಅದೇ ಇರಬಹುದು, ಆಟ ಅದೇ ಅಲ್ಲ.

ಹೊಸಹಳ್ಳಿ ಹಾದಿ

ಬ್ರ್ಯಾಂಡನ್ ಸ್ಯಾಂಡರ್ಸನ್. ಜಾರ್ಡನ್ ಅವರ ಹೆಂಡತಿ ಹ್ಯಾರಿಯೆಟ್ ಅವರೇ ಮೊದಲಿನಿಂದ ಈ ಪುಸ್ತಕಗಳ ಸಂಪಾದಕಿ. ಜಾರ್ಡನ್ ತೀರಿಕೊಂಡಾಗ ಸ್ಯಾಂಡರ್ಸನ್ ಬರೆದ ಒಂದು ನೆನಪಿನ ಬರಹ ಓದಿ ಅವರನ್ನು ಆರಿಸಿದರು. ಒಂದೇ ಸಂಪುಟ ಆಗಬೇಕಿದ್ದದ್ದು ಮೂರಾಯ್ತು, 2009, 2010, 2013. ಕೊನೆಯ ದೃಶ್ಯ ಮಾತ್ರ ಜಾರ್ಡನ್ ಮೊದಲೇ ಬರೆದಿಟ್ಟಿದ್ದರು.

ಚಂಡೆಯವರೇ, ಕುಮಾರವ್ಯಾಸನೂ ಹತ್ತೇ ಪರ್ವ ಬರೆದದ್ದು. ಉಳಿದ ಎಂಟನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರ್ತಿ ಮಾಡಿದ. ನಮ್ಮ ಅಜ್ಜ ಗದಾಪರ್ವ ಆದ ಮೇಲೆ ಪುಸ್ತಕ ಮುಚ್ಚಿಬಿಡುತ್ತಿದ್ದರು, ನಿಮ್ಮ ಹಾಗೆಯೇ. 'ಮುಂದೇನಾಯ್ತು ಅಜ್ಜ' ಅಂತ ಕೇಳಿದರೆ ಬಾಯಲ್ಲಿ ಹೇಳುತ್ತಿದ್ದರು, ತಿಮ್ಮಣ್ಣನನ್ನು ಓದುತ್ತಿರಲಿಲ್ಲ. ಅಜ್ಜ ಹೋದ ಮೇಲೆ ನಾನು ಓದಿದೆ. ಕುಮಾರವ್ಯಾಸನ ರುಚಿ ಅಲ್ಲಿಲ್ಲ, ಅದು ನಿಜ. ಆದರೆ ತಿಮ್ಮಣ್ಣ ಅಷ್ಟು ದೊಡ್ಡವನ ಎಲೆ ಪಕ್ಕದಲ್ಲಿ ಎಲೆ ಹಾಕಿಕೊಂಡು ಕೂತನಲ್ಲ, ಆ ಧೈರ್ಯ ನನಗೆ ಇಷ್ಟವಾಯ್ತು. ನೀವು ಹನ್ನೆರಡನೆಯದನ್ನು ತೆಗೆದು ನೋಡಿ. ಎಗ್ವೀನ್ ಭಾಗಕ್ಕಾಗಿಯಾದರೂ. ಇಷ್ಟಕ್ಕಿಂತ ಹೇಳಿದರೆ ನನ್ನನ್ನೂ ಬಾಯ್ಲರ್ ಪಕ್ಕ ಕೂರಿಸುತ್ತಾರೆ.

ಕಟ್ಟೆ ಕಾಯುವವನು

ಕೂರಿಸುತ್ತೇನೆ.

ಇಲ್ಲಿ ಕೆಲವರು ಟೀವಿ ಸರಣಿ ನೋಡಿ ಬಂದಿದ್ದೀರಿ ಅಂತ ಗೊತ್ತು. ಅದು 2021ರಲ್ಲಿ ಶುರುವಾಗಿ ಮೂರು ಸೀಸನ್ನಿಗೆ 2025ರಲ್ಲಿ ನಿಂತೇ ಹೋಯ್ತು, ಹತ್ತನೇ ಸಂಪುಟದ ಹತ್ತಿರಕ್ಕೂ ಬರಲಿಲ್ಲ. ಅದನ್ನು ಇಲ್ಲಿ ತರಬೇಡಿ, ಬೇರೆ ಜಗಳ.

ಮೆಟ್ಟುಗತ್ತಿ

ಪುಷ್ಯ ಮಳೆಯವರೇ, ಹನ್ನೊಂದು ನನ್ನ ಹತ್ತಿರ ಇದೆ. ಕಿವಿಗೆ ಕೇಳಿದ್ದು ಸಾಲದು ಅಂತ ಆಮೇಲೆ ಪುಸ್ತಕವನ್ನೂ ಕೊಂಡೆ. ನಾಳೆ ಮಳೆ ಸ್ವಲ್ಪ ಹೊಳವಾದರೆ ಮರ ಹತ್ತುವ ಕೊನೆಗೌಡರು ಬೋರ್ಡೋ ಔಷಧಿ ಹೊಡೆಯಲು ಬರುತ್ತಾರೆ, ಅಡಿಕೆಗೆ ಕೊಳೆರೋಗ ಶುರುವಾಗಿದೆ ಕೆಳಗಿನ ತೋಟದಲ್ಲಿ. ಹೊಳವಾಗದಿದ್ದರೆ ನಾನೇ ಪೇಟೆಗೆ ಬಂದು ನಿಮ್ಮ ಕಡೆ ಹೋಗುವ ಬಸ್ಸಿನ ಕಂಡಕ್ಟರ್ ಕೈಲಿ ಕೊಡುತ್ತೇನೆ. ಬಸ್‌ಸ್ಟ್ಯಾಂಡಿನಲ್ಲಿ ತೆಗೆದುಕೊಳ್ಳಿ.

ಪುಷ್ಯ ಮಳೆ

ಹಾಗಾದರೆ ಮಳೆ ಬರಲಿ ಅನ್ನಲೋ ಬೇಡ ಅನ್ನಲೋ! ನಿಮ್ಮ ತೋಟಕ್ಕೆ ಬೋರ್ಡೋ ಆಗಲಿ ಮೊದಲು, ಪುಸ್ತಕ ಆಮೇಲೆ. ಆದರೆ ಎರಡು ಪ್ಲಾಸ್ಟಿಕ್ ಕವರ್ ಹಾಕಿ ದಯವಿಟ್ಟು. ಹೋದ ಸಲ ಒಬ್ಬರು ಕಳಿಸಿದ ಆರನೆಯದು ನೆನೆದು ಬಂದಿತ್ತು, ಒಲೆ ಮೇಲಿನ ಅಟ್ಟದಲ್ಲಿ ಹಪ್ಪಳದ ಪಕ್ಕ ಒಣಗಿಸಿದೆ. ಈಗಲೂ ಆ ಪುಸ್ತಕ ಹಲಸಿನ ಹಪ್ಪಳದ ವಾಸನೆ ಬರುತ್ತದೆ. ವಾಪಸ್ ಕಳಿಸುವಾಗ ನಿಮಗೂ ಒಂದು ಕಟ್ಟು ಹಪ್ಪಳ.

ಹೊಸಹಳ್ಳಿ ಹಾದಿ

ಮಳೆ ಬರಲಿ ಅಂತ ವಿರಾಟಪರ್ವ ಓದಿಸುತ್ತಾರೆ. ನಿಲ್ಲಲಿ ಅಂತ ಓದುವ ಪರ್ವ ಯಾವುದೂ ನನಗೆ ಗೊತ್ತಿಲ್ಲ. ಹತ್ತನೇ ಸಂಪುಟ ಓದಿ ನೋಡಿ, ಅದರಲ್ಲಿ ಎಲ್ಲವೂ ನಿಲ್ಲುತ್ತದೆ.

ಭದ್ರಾವತಿ ಬಾಯ್ಲರ್

ಶಿಕ್ಷೆ ಮುಗಿಯಿತು. ಪುಷ್ಯ ಮಳೆ ಅಕ್ಕಾ, ತಪ್ಪಾಯ್ತು. ನಿಜವಾಗಿ. ಆ ಹುಳ ಹಿಡಿದ ಧಾನ್ಯದ ಕಥೆ ಕೇಳಿ ಒಂದು ಆಸೆ ಬಂತು. ಒಂಬತ್ತರಿಂದ ಶುರು ಮಾಡಬಹುದಾ? ಎಂಟನ್ನು ಮತ್ತೆ ಓದಲಾರೆ.

ಎರಡನೇ ಡಿವಿಷನ್

ಮಾಡಬಹುದು ಅಣ್ಣಾ. ಒಂಬತ್ತರಲ್ಲಿ ಮ್ಯಾಟ್ ಬರುತ್ತಾನೆ. ಕಾಲು ಮುರಿದುಕೊಂಡಿದ್ದಾನೆ, ಇನ್ನೂ ನಿಮಗೇ ಕಾಯುತ್ತಿದ್ದಾನೆ.

ಪುಷ್ಯ ಮಳೆ

ಪುಸ್ತಕ ಬಂತು!! ಮೂರು ಕವರ್ ಹಾಕಿದ್ದೀರಿ, ಒಂದು ಹನಿ ತಾಗಿಲ್ಲ. ಕಂಡಕ್ಟರ್ ಕೈಗೆ ಕೊಡುವಾಗ 'ಇದು ಯಾವ ಕ್ಲಾಸಿನ ಪುಸ್ತಕ ಮೇಡಂ, ಇಷ್ಟು ದಪ್ಪ' ಅಂದರು. ಹನ್ನೊಂದನೇ ಕ್ಲಾಸು ಅಂದೆ.

ಮನೆಗೆ ಬಂದವಳು ಸೀರೆ ಕೂಡ ಬದಲಾಯಿಸದೆ ಪ್ರೋಲಾಗ್ ತೆಗೆದೆ. ಮೊದಲ ಕೆಲವು ಪುಟದಲ್ಲೇ ಗಲಾಡ್ ಕತ್ತಿ ಹಿಡಿದು ದ್ವಂದ್ವಕ್ಕೆ ನಿಂತಿದ್ದಾನೆ. ಯಾರೂ ಚಹಾ ಕುಡಿಯುತ್ತಿಲ್ಲ. ದುರ್ಗಿಗುಡಿ ಸರ್, ನೀವು ಇದಕ್ಕೆ 2005ರವರೆಗೆ ಕಾದಿರಾ! ಇವತ್ತು ಅಡುಗೆ ಇವರೇ ಮಾಡಿಕೊಳ್ಳಲಿ. ನಾಳೆ ಬರೆಯುತ್ತೇನೆ, ಕರೆಂಟಿದ್ದರೆ.